ಒಂದು ಹನಿಯೂ ಇಲ್ಲ ಎನ್ನದವಳು

ಬ್ರೆಡ್ಡಕ್ಕನ ಗಂಡ ಬದುಕಿದ್ದಷ್ಟು ಕಾಲ ಅವಳಿಗೆ ತಪ್ಪದೆ ಹೇಳುತ್ತ ಬಂದ ಮಾತೊಂದೇ: “ಒಂದು ಹನಿಯೂ ಇಲ್ಲ ಕಣೇ.” ಬಾಗಿಲ ಚೌಕಟ್ಟನ್ನು ಹಿಡಿದು ನಿಂತು ಹೇಳುತ್ತಿದ್ದ, ಚೌಕಟ್ಟು ಕೈಗೆ ಸಿಗದ ದಿನ ಹೊಸ್ತಿಲ ಮೇಲೆ ಕುಸಿದು ಕುಳಿತು ಹೇಳುತ್ತಿದ್ದ. ಕೆಟ್ಟ ಮನುಷ್ಯನೇನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ದನಿ ಏರಿಸಿದವನೂ ಅಲ್ಲ. ಹಿಟ್ಟು ನಾದುವುದರಲ್ಲಿ ಅವನನ್ನು ಮೀರಿಸುವ ಕೈ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಆದರೆ ಕುಡಿತಕ್ಕಿಂತ ಹೆಚ್ಚಾಗಿ ಬ್ರೆಡ್ಡಕ್ಕನನ್ನು ತಿಂದದ್ದು ಆ ಒಂದು ಮಾತು. ಕುಡಿದವನ ಬಾಯಿಯ ವಾಸನೆ ಬೆಳಗಾಗುವಷ್ಟರಲ್ಲಿ ಹೋಗುತ್ತದೆ, ಮಾತು ಹೋಗುವುದಿಲ್ಲ. ಮೂಗಿಗೆ ರಾಚುತ್ತಿರುವುದನ್ನು ಇಲ್ಲವೆಂದು ದಿನವೂ ಕೇಳಿಸಿಕೊಳ್ಳುವ ಹೆಂಗಸು ಕ್ರಮೇಣ ತನ್ನ ಮೂಗನ್ನೇ ನಂಬದವಳಾಗುತ್ತಾಳೆ. ಹಾಗಾಗಲು ಬ್ರೆಡ್ಡಕ್ಕ ಒಪ್ಪಲಿಲ್ಲ. “ನಿನ್ನ ಬಾಯಿ ಸುಳ್ಳಾಡ್ಲಿ, ನನ್ನ ಮೂಗು ಆಡಲ್ಲ” ಎಂದು ಅವನನ್ನು ಎತ್ತಿ ಒಳಗೆ ಮಲಗಿಸುತ್ತಿದ್ದಳು. ಕೊನೆಗೆ ಲಿವರು ಪೂರ್ತಿ ಕೆಟ್ಟು ಹಾಸಿಗೆ ಹಿಡಿದಾಗಲೂ, ನಾಲಗೆ ಚಾಚಿಸಿ ನೋಡುತ್ತಿದ್ದ ಡಾಕ್ಟರಿಗೆ ಆತ ಹೇಳಿದ್ದು ಅದನ್ನೇ.

ಅವನು ಹೋದ ಮೇಲೆ ಬೇಕರಿ ಅವಳ ಪಾಲಿಗೆ ಉಳಿಯಿತು. ಬೇಕರಿಯ ಜೊತೆಗೆ ಮೈದುನನೂ ಉಳಿದ. ಅಣ್ಣನಷ್ಟೇ ಗಟ್ಟಿ ತೋಳು, ಅಣ್ಣನಿಗಿಲ್ಲದ ಚುರುಕು ಬಾಯಿ. ಮದುವೆಯ ಮಾತೆತ್ತಿದರೆ “ಭಟ್ಟಿ ಮುಂದೆ ನಿಂತವನಿಗೆ ಇನ್ನೊಂದು ಬೆಂಕಿ ಯಾಕೆ” ಎಂದು ಜಾರಿಕೊಳ್ಳುವವನು. ಬೀದಿಯಿಂದ ಒಳಕ್ಕೆ ಸುರಂಗದ ಹಾಗೆ ಚಾಚಿಕೊಂಡ ಉದ್ದನೆಯ ಕೋಣೆ ಅವರ ಬೇಕರಿ. ಮುಂದೆ ಗಾಜಿನ ಕಪಾಟು, ನಡುವೆ ಹಿಟ್ಟು ನಾದುವ ಮರದ ತೊಟ್ಟಿ, ಗೋಡೆಗೊರಗಿಸಿದ ತಟ್ಟೆಗಳ ಸಾಲು, ಹಿಂದೆ ಇಟ್ಟಿಗೆಯ ಭಟ್ಟಿ. ಗೋಡೆಗಳಿಗೆ ಹಿಟ್ಟಿನ ಧೂಳು ಹತ್ತಿ ಹತ್ತಿ ಸುಣ್ಣ ಬಳಿಸುವ ಅಗತ್ಯವೇ ಬೀಳದಂತಾಗಿತ್ತು. ಮೇಲಿನ ಅಂತಸ್ತಿನಲ್ಲಿ ಬಾಡಿಗೆಗಿದ್ದವರು ಹೆಣ್ಣುಮಕ್ಕಳ ಶಾಲೆಯ ಜೀವಶಾಸ್ತ್ರದ ಟೀಚರು. ಬೆಳಗಿನ ಬಿಸಿ ಬನ್ನಿಗೆ ಮೊದಲ ಗಿರಾಕಿ ಅವರೇ.

ಬೀದಿಯ ತುದಿಯಲ್ಲಿದ್ದ ಹೆಂಡದಂಗಡಿಯನ್ನು ಮುಚ್ಚಿಸಿದ್ದು ಹೆಂಗಸರ ಸಂಘ. ಸಂಘ ಕಟ್ಟಿದವಳು ಎದುರು ಸಾಲಿನ ಟೈಲರಮ್ಮ. ಅವಳ ಪಕ್ಕದಲ್ಲಿ ಮೊದಲ ದಿನವೇ ಬಂದು ಕೂತವಳು ಬ್ರೆಡ್ಡಕ್ಕ. ಆ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ತಮ್ಮ ತಮ್ಮ ಮನೆಯ ಕುರ್ಚಿಗಳನ್ನು ಹಾಕಿಕೊಂಡು, ಕೈಗೆಲಸ ಹಿಡಿದು, ಮಾಲೀಕ ತಾನಾಗಿಯೇ ಬೀಗ ಹಾಕುವವರೆಗೆ ಅವರು ಕೂತರು. ಗೆದ್ದ ಮೇಲೆ, ಕುಡಿತ ಬಿಟ್ಟ ಮನೆಗಳ, ಅಂಗಡಿಗಳ ಬಾಗಿಲಿಗೆ ಒಂದು ಬೋರ್ಡು ಹಾಕೋಣವೆಂದಾಯಿತು. ಏನು ಬರೆಸುವುದು? ಒಬ್ಬೊಬ್ಬರು ಒಂದೊಂದು ಹೇಳಿದರು. ಬ್ರೆಡ್ಡಕ್ಕ “‘ಇಲ್ಲಿ ಒಂದು ಹನಿಯೂ ಇಲ್ಲ’ ಅಂತ ಬರೆಸಿ” ಎಂದಳು. “ಅಷ್ಟು ವರ್ಷ ಆ ಮಾತನ್ನ ಸುಳ್ಳಾಗಿ ಕೇಳಿದೀನಿ. ಬಾಗಿಲ ಮೇಲಾದ್ರೂ ನಿಜವಾಗಿ ಓದ್ತೀನಿ.”

ನೀಲಿ ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ಆ ಮಾತು ಬೀದಿಯುದ್ದಕ್ಕೂ ಹಬ್ಬಿತು. ಅದರ ಬೆಲೆ ಎಷ್ಟಾಯಿತೆಂದರೆ ಹತ್ತಿರದ ದೊಡ್ಡ ಆಸ್ಪತ್ರೆಯವರು, ರೋಗಿಗಳಿಗೆ ಬೇಕಾದ ಹಾಲು, ಬ್ರೆಡ್ಡು, ಹೊಲಿದ ಬಟ್ಟೆ ಎಲ್ಲವನ್ನೂ ಬೋರ್ಡಿದ್ದ ಕಡೆಯಿಂದಲೇ ಕೊಳ್ಳತೊಡಗಿದರು. ಬ್ರೆಡ್ಡಕ್ಕನ ಭಟ್ಟಿಯಲ್ಲಿ ಬೇಯುತ್ತಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚು ಆಸ್ಪತ್ರೆಗೇ ಹೋಗುತ್ತಿತ್ತು. ಆ ಅರ್ಧ ನಿಂತರೆ ಉಳಿದರ್ಧದಿಂದ ಸೌದೆಯ ಖರ್ಚೂ ಹುಟ್ಟದು ಎನ್ನುವುದು ಅತ್ತಿಗೆ ಮೈದುನ ಇಬ್ಬರಿಗೂ ಬಾಯಿಬಿಟ್ಟು ಹೇಳಿಕೊಳ್ಳದೆಯೇ ಗೊತ್ತಿತ್ತು.

ಬೇಕರಿಯ ಜೀವವೆಲ್ಲ ಇದ್ದದ್ದು ತಾಯಿಹಿಟ್ಟಿನಲ್ಲಿ. ನೀರು ನೀರಾಗಿ ಕಲಸಿದ ಮೈದಾಕ್ಕೆ ಹಿಂದಿನ ದಿನದ ಹಿಟ್ಟನ್ನೂ ಒಂದಿಷ್ಟು ಸಕ್ಕರೆಯನ್ನೂ ಸೇರಿಸಿ, ದೋಣಿಯ ಹುಟ್ಟಿನಂಥ ಮರದ ಸಟ್ಟುಗದಿಂದ ಬ್ರೆಡ್ಡಕ್ಕ ಅದನ್ನು ಮೇಲಕ್ಕೆತ್ತಿ ಎತ್ತಿ ಬಡಿಯುತ್ತಿದ್ದಳು. ಅದಕ್ಕೆ ಅವಳಿಟ್ಟ ಹೆಸರು ‘ಗಾಳಿ ತಿನ್ನಿಸೋದು’. ಗಾಳಿ ತಿಂದ ಹಿಟ್ಟು ಹೊತ್ತೇರುತ್ತಿದ್ದಂತೆ ಗುಳ್ಳೆಗುಳ್ಳೆಯಾಗಿ ಉಬ್ಬುತ್ತಿತ್ತು. ಅದರ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳೇ ಹೊರತು ಮುಚ್ಚಳ ಹಾಕುತ್ತಿರಲಿಲ್ಲ. ಯಾಕೆಂದು ಕೇಳಿದರೆ ಅತ್ತೆ ಹಾಗೆ ಮಾಡುತ್ತಿದ್ದರು ಎನ್ನುವುದಷ್ಟೇ ಅವಳ ಉತ್ತರ.

ಇಲಿಗಳ ಕಾಟ ಹೆಚ್ಚಾಯಿತೆಂದು ಮೈದುನ ಹೊಸ ಸ್ಟೀಲು ಡ್ರಮ್ಮು ತಂದ. ಮುಚ್ಚಳಕ್ಕೆ ರಬ್ಬರಿನ ಬಳೆ, ಸುತ್ತ ಬಿಗಿಯುವ ಕಬ್ಬಿಣದ ಪಟ್ಟಿ. ಬೇಕರಿಯ ವಾರದ ರಜೆಗೆ ಬ್ರೆಡ್ಡಕ್ಕ ಅಕ್ಕನ ಮನೆಗೆ ಹೊರಟಿದ್ದಳು. ಕಲಸಿದ ತಾಯಿಹಿಟ್ಟನ್ನು ಅವನು ಹೊಸ ಡ್ರಮ್ಮಿಗೆ ಸುರಿದು, ಅತ್ತಿಗೆ ಮೆಚ್ಚಲಿ ಎಂದು, ಪಟ್ಟಿಯನ್ನು ಮಂಡಿ ಕೊಟ್ಟು ಬಿಗಿದ. ಕಡು ಬೇಸಗೆ. ಬಾಗಿಲು ಹಾಕಿದ ಬೇಕರಿಯಲ್ಲಿ, ತಣಿಯದ ಭಟ್ಟಿಯ ಪಕ್ಕದಲ್ಲಿ, ಡ್ರಮ್ಮು ರಜೆಯಿಡೀ ಕುಳಿತಿತ್ತು.

ಮರುದಿನ ಬೆಳಿಗ್ಗೆ ಬ್ರೆಡ್ಡಕ್ಕ ಬೀಗ ತೆಗೆಯುತ್ತಿರುವಾಗಲೇ ಒಳಗೆ ಗುಂಡು ಹಾರಿದಂಥ ಸದ್ದು. ಮುಚ್ಚಳ ಮೇಲಿನ ಹಲಗೆಗೆ ಬಡಿದು ತಟ್ಟೆಗಳ ಮೇಲೆ ಉರುಳಿತು. ನೊರೆ ಉಕ್ಕಿ, ತೊಟ್ಟಿಯ ಸುತ್ತ ಹರಿದು, ಅವಳ ಕಾಲ ಕೆಳಗಿಂದಲೇ ಹೊಸ್ತಿಲು ದಾಟಿ ಬೀದಿಗಿಳಿಯಿತು. ಅದರ ಹಿಂದೆಯೇ ಬಂತು ವಾಸನೆ. ಹುಳಿ, ಖಾರ, ಮೂಗಿನ ಹೊಳ್ಳೆಯನ್ನು ಸುಡುವ ಘಾಟು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಆ ವಾಸನೆಯನ್ನು ಅವಳಿಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ.

ಬೀದಿಗೂ ಆ ಪರಿಚಯ ಬೇಕಾಗಿರಲಿಲ್ಲ. ಹಾಲಿನ ಕ್ಯಾನು ಹೊತ್ತು ಬರುತ್ತಿದ್ದ ಹಾಲಿನವಳು ನಿಂತಳು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲೂರಿ ಮೂಗರಳಿಸಿದ.

“ಏನಕ್ಕಾ, ಮುಚ್ಚಿದ ಅಂಗಡಿ ಇಲ್ಲಿ ತೆಗೆದ್ರಾ?”

“ಮುಂದೆ ಹೋಗಯ್ಯ, ಹಿಟ್ಟು ಚೆಲ್ಲಿದೆ.”

“ಹಿಟ್ಟಾ! ಭಟ್ಟಿ ಅಂದ್ರೆ ಎಲ್ಲಾ ಭಟ್ಟೀನೂ ಒಂದೇ ಬಿಡಿ!” ಎಂದು ನಗುತ್ತ ಅವನು ಪೆಡಲು ತುಳಿದ.

ಮೈದುನ ಬಂದವನು ಮುಖ ಸಣ್ಣ ಮಾಡಿಕೊಂಡು ಗೋಣಿ ಹಾಸಿ ಒರೆಸತೊಡಗಿದ. ಅಷ್ಟರಲ್ಲಿ ಮೇಲಿನಿಂದ ಟೀಚರು ಇಳಿದು ಬಂದರು. ನೊರೆ ಕಂಡದ್ದೇ ಅವರ ಮುಖ ಅರಳಿತು.

“ಅಯ್ಯೋ, ಎಷ್ಟು ಚೆನ್ನಾಗಿದೆ!”

“ಏನ್ ಚೆಂದ ಕಾಣ್ತು ಟೀಚರ್ ನಿಮಗೆ ಇದ್ರಲ್ಲಿ?” ಎಂದು ಬ್ರೆಡ್ಡಕ್ಕ ಸಿಡುಕಿದಳು.

“ಇದನ್ನ ಮಕ್ಕಳಿಗೆ ತೋರಿಸೋಕೆ ನಾನು ಬಾಟಲಿ, ಬಲೂನು ಅಂತ ಪ್ರತಿ ವರ್ಷ ಒದ್ದಾಡ್ತೀನಿ ಅಕ್ಕ. ನೀವು ಡ್ರಮ್ಮಿನಲ್ಲೇ ಮಾಡಿಬಿಟ್ಟಿದ್ದೀರಿ.”

“ನಾನ್ ಮಾಡಿಲ್ಲ, ಇವನು ಮಾಡಿದ್ದು. ವಾಸನೆ ಯಾಕೆ ಹಂಗೆ ಬರ್ತಿದೆ? ಅದನ್ನ ಹೇಳಿ.”

ಟೀಚರು ಮೈದಾ ಮೂಟೆಯ ಮೇಲೆ ಕೂತರು. ಪಾಠವೆಂದರೆ ಅವರಿಗೆ ಹೊತ್ತು ಗೊತ್ತು ಇರಲಿಲ್ಲ. ಹಿಟ್ಟಿನಲ್ಲಿರುವುದು ಜೀವ, ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳು, ಅವೇ ಯೀಸ್ಟು ಎಂದರು. “ಅದಕ್ಕೂ ಉಸಿರಾಟ ಇದೆ. ಮೂಗಿಲ್ಲ, ಎದೆಗೂಡಿಲ್ಲ, ಕೋಶದ ಒಳಗೇ ನಡೆಯೋ ಉಸಿರಾಟ. ಸಕ್ಕರೆ ಒಡೆದು ಶಕ್ತಿ ತಗೊಳ್ಳೋದು, ಅಷ್ಟೇ. ನಿಮ್ಮ ಭಟ್ಟಿಯ ಗಾಳಿಕಿಂಡಿ ತೆಗೆದಿಟ್ರೆ ಸೌದೆ ಏನಾಗುತ್ತೆ?”

“ಪೂರ್ತಿ ಉರಿಯುತ್ತೆ. ಬೂದಿ ಉಳಿಯುತ್ತೆ.”

“ಮುಚ್ಚಿದ್ರೆ?”

“ಅರ್ಧ ಉರಿದು ಇದ್ದಿಲಾಗುತ್ತೆ.”

“ಯೀಸ್ಟಿಂದೂ ಅದೇ ಕಥೆ. ಗಾಳಿಯಲ್ಲಿರೋ ಆಮ್ಲಜನಕ ಸಿಕ್ಕಿದ್ರೆ ಸಕ್ಕರೇನ ಪೂರ್ತಿ ಸುಡುತ್ತೆ. ನೀರು, ಇಂಗಾಲದ ಡೈಆಕ್ಸೈಡು, ಇವೆರಡೇ ಉಳಿಯೋದು. ಕೈತುಂಬ ಶಕ್ತಿ ಸಿಗುತ್ತೆ, ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ನೀವು ಬಡಿದು ಗಾಳಿ ತಿನ್ನಿಸ್ತೀರಲ್ಲ, ಅದು ಅದಕ್ಕೇ. ಆಮ್ಲಜನಕ ಮುಗಿದ್ರೆ ಸಾಯಲ್ಲ, ಸಕ್ಕರೇನ ಅರ್ಧಕ್ಕೇ ನಿಲ್ಲಿಸುತ್ತೆ. ಆಗ ಡೈಆಕ್ಸೈಡಿನ ಜೊತೆ ಉಳಿಯೋ ಇದ್ದಿಲೇ ಆಲ್ಕೋಹಾಲು. ಶಕ್ತಿ ಚೂರೇ ಚೂರು ಸಿಗುತ್ತೆ, ಆದ್ರೂ ಬದುಕಿರುತ್ತೆ. ಇದ್ದಿಲು ಮತ್ತೆ ಉರಿಯುತ್ತಲ್ಲ? ಸ್ಪಿರಿಟ್ಟಿಗೆ ಬೆಂಕಿ ಹತ್ತೋದೂ ಅದಕ್ಕೇ. ಸುಡಬೇಕಾದ್ದು ಇನ್ನೂ ಉಳಿದಿರುತ್ತೆ.”

ಉಸಿರು ಸಾಲದೆಯೂ ಬದುಕಿರುವುದು. ಅರ್ಧಕ್ಕೆ ನಿಂತದ್ದನ್ನು ಒಳಗೇ ಇಟ್ಟುಕೊಂಡು ದಿನ ದೂಡುವುದು. ಬ್ರೆಡ್ಡಕ್ಕನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಬೇರೆಯದನ್ನು ಕೇಳಿದಳು.

“ನಮ್ಮ ಮೈಯಲ್ಲೂ ಹಿಂಗೇ ನಡೆಯುತ್ತಾ?”

“ಒಂದೊಂದು ಸಲ. ಜೋರಾಗಿ ಹಿಟ್ಟು ನಾದುವಾಗ ನಿಮ್ಮ ತೋಳಿಗೆ ರಕ್ತ ತಂದುಕೊಡೋ ಆಮ್ಲಜನಕ ಸಾಲಲ್ಲ. ಆಗ ಅಲ್ಲಿನ ಕೋಶಗಳು ಅದಿಲ್ಲದೇ ಸ್ವಲ್ಪ ಹೊತ್ತು ಸಂಭಾಳಿಸ್ತವೆ.”

“ಅಂದ್ರೆ ಅತ್ತಿಗೆ ತೋಳಲ್ಲೂ ಹೆಂಡಾನಾ?” ಮೈದುನ ಒರೆಸುವುದನ್ನು ನಿಲ್ಲಿಸಿ ಕತ್ತೆತ್ತಿದ.

“ಇಲ್ಲಪ್ಪ. ನಮ್ಮಲ್ಲಿ ಲ್ಯಾಕ್ಟಿಕ್ ಆಮ್ಲ ಅಂತ ಹುಳಿ ಆಗುತ್ತೆ. ಹೆಂಡ ಮಾಡೋ ಯೋಗ್ಯತೆ ನಮ್ಮ ಸ್ನಾಯುವಿಗಿಲ್ಲ.”

“ಸದ್ಯ! ಇದ್ದಿದ್ರೆ ನಮ್ಮಣ್ಣ ಅಂಗಡಿವರೆಗೂ ನಡೀತಾನೇ ಇರ್ಲಿಲ್ಲ.”

ಟೀಚರು ನಗು ತಡೆದುಕೊಂಡರು. ಬ್ರೆಡ್ಡಕ್ಕ ನಗಲಿಲ್ಲ. ಅವಳ ಕಣ್ಣು ನಾದುವ ತೊಟ್ಟಿಯ ಮೇಲಿತ್ತು.

“ಟೀಚರ್, ಡ್ರಮ್ಮಿನ ಮಾತು ಬಿಡಿ. ದಿನಾ ನಾದಿ ಮುದ್ದೆ ಮಾಡಿ ಇಡ್ತೀನಲ್ಲ, ಅದರ ಹೊಟ್ಟೆಯೊಳಗೆ ಗಾಳಿ ಎಲ್ಲಿರುತ್ತೆ?”

“ಇರಲ್ಲ. ಇದ್ದದ್ದು ಬೇಗ ಮುಗಿದುಹೋಗುತ್ತೆ.”

“ಹಂಗಾದ್ರೆ ದಿನಾ ಅದರಲ್ಲಿ ಇದು ಆಗ್ತಾನೇ ಇದೆ.”

“ಆಗ್ತಾನೇ ಇದೆ. ಯೀಸ್ಟು ಹಾಕಿದ ಎಲ್ಲ ಬ್ರೆಡ್ಡಲ್ಲೂ ಆಗುತ್ತೆ. ಆದ್ರೆ ಭಟ್ಟಿಯಲ್ಲಿ ಹಾರಿಹೋಗುತ್ತೆ ಅಕ್ಕ.”

“ಎಲ್ಲಾನಾ?”

“ಹೆಚ್ಚೂಕಡಿಮೆ ಎಲ್ಲಾ. ಉಳಿಯೋದು ಲೆಕ್ಕಕ್ಕಿಲ್ಲದಷ್ಟು.”

“ಲೆಕ್ಕಕ್ಕಿಲ್ಲ ಅಂದ್ರೆ ಇಲ್ಲ ಅಂತಾನಾ?”

“ಇಲ್ಲ ಅಂತ ಅಲ್ಲ.”

ಬ್ರೆಡ್ಡಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲು ಎಳೆದುಕೊಂಡು ಬಾಗಿಲಿಗೆ ಹೋದಳು. ಮೊಳೆಗಳು ತುಕ್ಕು ಹಿಡಿದಿದ್ದವು. ಚಾಕುವಿನ ತುದಿಯಿಂದ ಮೀಟಿ ಮೀಟಿ ನೀಲಿ ಬೋರ್ಡನ್ನು ಕಿತ್ತಳು. ಮೈದುನ ಹಿಂದೆ ಓಡಿಬಂದ, ಟೀಚರಿಗೆ ಗಾಬರಿಯಾಯಿತು.

“ಅಕ್ಕ, ನಾನು ಹೇಳಿದ್ದು ಪಾಠ. ಬೋರ್ಡು ಹೇಳೋದು ಕುಡಿಯೋ ವಿಷಯ. ಎರಡಕ್ಕೂ ಯಾಕೆ ಗಂಟು ಹಾಕ್ತೀರಾ?”

“ಬೋರ್ಡಲ್ಲಿ ಹಂಗೆ ಬರೆದಿಲ್ಲ ಟೀಚರ್. ಇಲ್ಲಿ ಒಂದು ಹನಿಯೂ ಇಲ್ಲ ಅಂತ ಬರೆದಿದೆ. ಬರೆಸಿದ್ದು ನಾನೇ.”

“ಅತ್ತಿಗೆ,” ಎಂದು ಮೈದುನ ಬೋರ್ಡಿಗೆ ಕೈ ಹಾಕಿದ, “ಬೋರ್ಡು ಇಲ್ಲ ಅಂದ್ರೆ ಆಸ್ಪತ್ರೆ ಇಲ್ಲ. ಆಸ್ಪತ್ರೆ ಇಲ್ಲ ಅಂದ್ರೆ ನಾವಿಲ್ಲ. ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೊಳ್ಳೋದಾ? ಆ ಚೂರು ಯಾರ ಕಣ್ಣಿಗೆ ಕಾಣುತ್ತೆ?”

“ನನ್ನ ಮೂಗಿಗೆ ಕಾಣುತ್ತೆ.”

ಅಂದು ಸಂಜೆ ಸಂಘ ಸೇರಿತು. ಟೈಲರಮ್ಮನ ಅಂಗಡಿಯೇ ಸಂಘದ ಕೋಣೆ. ಹೊಲಿಗೆ ಯಂತ್ರಗಳ ನಡುವೆ ಸ್ಟೂಲು, ಬೆಂಚು, ಕತ್ತರಿಸಿದ ಬಟ್ಟೆಯ ಗಂಟು, ಸಿಕ್ಕಿದ್ದರ ಮೇಲೆ ಹೆಂಗಸರು ಕೂರುತ್ತಿದ್ದರು. ತಲೆಯ ಮೇಲೆ ತೋಳಿಲ್ಲದ ಶಾಲಾ ಸಮವಸ್ತ್ರಗಳು ನೇತಾಡುತ್ತಿದ್ದವು. ಬೆಳಗಿನ ವಾಸನೆ ಆಸ್ಪತ್ರೆಯವರೆಗೆ ಹೋಗಿತ್ತು. ಅಲ್ಲಿನ ಉಗ್ರಾಣದ ಮೇಲ್ವಿಚಾರಕರು ಟೈಲರಮ್ಮನಿಗೆ ಫೋನು ಮಾಡಿ, ಸಂಘದ ಮಾತೇ ತಮಗೆ ಸಾಕು, ಸಂಜೆಯೊಳಗೆ ಏನೆಂದು ತಿಳಿಸಿ ಎಂದಿದ್ದರು.

“ಎಲ್ಲರೂ ಸುಮ್ನಿರಿ,” ಎಂದಳು ಟೈಲರಮ್ಮ. ಕೊರಳಲ್ಲಿ ಅಳತೆಯ ಟೇಪು, ತುಟಿಯಲ್ಲಿ ಗುಂಡುಸೂಜಿ. ಮಾತಾಡುವ ಮುನ್ನ ಒಂದೊಂದಾಗಿ ತೆಗೆದು ಚುಚ್ಚಿಟ್ಟಳು. “ನೋಡು ಬ್ರೆಡ್ಡಕ್ಕ, ನೀನೇನೂ ಮಾಡಿಲ್ಲ ಅಂತ ಈ ಬೀದಿಗೇ ಗೊತ್ತು. ಹಿಟ್ಟು ಕೆಟ್ಟಿತ್ತು, ಚೆಲ್ಲಿದೆ, ತೊಳೆದಿದೀಯ. ನಮ್ಮ ಬ್ರೆಡ್ಡಲ್ಲಿ ಒಂದು ಹನಿಯೂ ಇಲ್ಲ ಅಂತ ಇಲ್ಲಿ ಒಂದು ಸಲ ಹೇಳ್ಬಿಡು. ನಾನು ಫೋನ್ ಮಾಡ್ತೀನಿ. ಮುಗೀತು.”

“ಇದೆ,” ಎಂದಳು ಬ್ರೆಡ್ಡಕ್ಕ.

“ಏನಿದೆ?”

“ನಮ್ಮ ಬ್ರೆಡ್ಡಲ್ಲಿ. ಹಿಟ್ಟಲ್ಲಿ ದಿನಾ ಆಗುತ್ತೆ. ಬೇಯುವಾಗ ಬಹಳ ಹೋಗುತ್ತೆ, ಒಂದು ಚೂರು ಉಳಿಯುತ್ತೆ. ಅತ್ತೆ ಕಾಲದಿಂದ ಹಿಂಗೇ ಇತ್ತು, ನನಗೆ ಗೊತ್ತಿದ್ದಿಲ್ಲ. ಇವತ್ತು ಗೊತ್ತಾಯ್ತು. ಬೋರ್ಡು ಇಳಿಸಿದೀನಿ.”

ಯಂತ್ರ ತುಳಿಯುತ್ತಿದ್ದವಳ ಕಾಲು ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡವರನ್ನ ಕಂಡಿದೀನಿ,” ಎಂದಳು ಹಾಲಿನವಳು, “ಕುಂಬಳಕಾಯೀನೇ ಹೊತ್ಕೊಂಡು ಬಂದವರನ್ನ ಇವತ್ತೇ ನೋಡಿದ್ದು!”

“ಅಷ್ಟು ದಿನ ನನ್ನ ಮಗೂಗೆ ಅದನ್ನೇ ತಿನ್ನಿಸ್ದೆನಾ?” ಎಂದು ಇಸ್ತ್ರಿಯವಳು ಎದೆ ಮೇಲೆ ಕೈಯಿಟ್ಟುಕೊಂಡಳು.

“ತಿನ್ನಿಸಿದೀಯ,” ಎಂದಳು ಬ್ರೆಡ್ಡಕ್ಕ. “ಮಗು ದುಂಡಗೇ ಇದೆ. ಅದಕ್ಕೆ ಕೆಮ್ಮು ಬಂದಾಗ ಕುಡಿಸ್ತೀಯಲ್ಲ ಸಿಹಿ ಔಷಧಿ, ಅದರ ಬಾಟ್ಲಿ ಮೇಲಿರೋದನ್ನ ಒಂದ್ಸಲ ಓದು. ಕೆಲವದ್ರಲ್ಲಿ ಇರುತ್ತಂತೆ.”

“ಔಷಧಿ ಮಾತು ಬೇರೆ!”

“ಬೇರೆ ಇರ್ಲಿ. ಔಷಧಿ ಅಂಗಡಿಯವನು ಒಂದು ಹನಿಯೂ ಇಲ್ಲ ಅಂತ ಬೋರ್ಡು ಹಾಕ್ಕೊಂಡಿಲ್ಲ.”

ಟೈಲರಮ್ಮ ಕತ್ತರಿಯ ಹಿಡಿಯಿಂದ ಮೇಜು ಕುಟ್ಟಿದಳು. ಅವಳ ಮುಖದಲ್ಲಿ ಈಗ ಸಿಟ್ಟಿತ್ತು. ಆದರೆ ಅದು ತಿಳಿಗೇಡಿಯ ಸಿಟ್ಟಾಗಿರಲಿಲ್ಲ. “ನಿನ್ನ ನಿಜ ನಿನಗೆ ದೊಡ್ಡದು, ಒಪ್ಕೋತೀನಿ. ಅದರ ಹಿಂದೆ ಏನು ಬರುತ್ತೆ ಅಂತ ಯೋಚನೆ ಮಾಡಿದೀಯಾ? ನಾಳೆ ಒಬ್ಬೊಬ್ಬಳ ಗಂಡನೂ ಬಂದು, ಬ್ರೆಡ್ಡಕ್ಕನ ಬ್ರೆಡ್ಡಲ್ಲೂ ಸ್ವಲ್ಪ, ನನ್ನ ಹೊಟ್ಟೇಲೂ ಸ್ವಲ್ಪ ಅಂತಾನೆ. ಸ್ವಲ್ಪ ಅನ್ನೋ ಮಾತಿಗೆ ಬಾಗಿಲು ತೆಗೆದ್ರೆ ಪೀಪಾಯಿ ಒಳಗೆ ಬರುತ್ತೆ. ಒಂದು ಹನಿಯೂ ಇಲ್ಲ ಅಂತ ಗಟ್ಟಿಯಾಗಿ ನಿಂತದ್ದಕ್ಕೇ ಆ ಅಂಗಡಿ ಮುಚ್ಚಿದ್ದು.”

“ಅಂಗಡಿ ಮುಚ್ಚಿದ್ದು ನಾವು ಕುರ್ಚಿ ಹಾಕ್ಕೊಂಡು ಕೂತಿದ್ದಕ್ಕೆ. ಬೋರ್ಡು ಬಂದಿದ್ದು ಆಮೇಲೆ.” ಬ್ರೆಡ್ಡಕ್ಕ ಎದ್ದು ನಿಂತಳು. ಬೆಳಗಿನಿಂದ ಡ್ರಮ್ಮು, ನೆಲ, ಗೋಡೆ ಉಜ್ಜಿ ತೋಳು ನೋಯುತ್ತಿತ್ತು; ಕೈಯನ್ನು ಸೊಂಟದ ಮೇಲಿಟ್ಟುಕೊಂಡಳು. “ಅವರು ಸ್ವಲ್ಪ ಅಂದ್ರೆ, ಎಷ್ಟು ಅಂತ ನಾನು ಕೇಳ್ತೀನಿ. ಕೇಳೋ ಬಾಯಿ ನನಗಿರಬೇಕಾದ್ರೆ ನನ್ನ ಸ್ವಲ್ಪಾನ ನಾನು ಮೊದಲು ಹೇಳ್ಬೇಕು. ಚೂರು ಇಟ್ಕೊಂಡು ಇಲ್ಲ ಅಂದವಳು, ಕೊಡ ಕುಡಿದು ಇಲ್ಲ ಅನ್ನೋವನಿಗೆ ಏನು ಹೇಳ್ತಾಳೆ?”

“ಹೇಳ್ಬೇಡ. ನೀನು ಬಾಯೇ ಬಿಡ್ಬೇಡ, ಸುಮ್ನೆ ಕೂತ್ಕೋ. ನಾನು ಹೇಳ್ತೀನಿ ಫೋನಲ್ಲಿ. ಸುಳ್ಳಾದ್ರೆ ನನ್ನ ತಲೆ ಮೇಲಿರ್ಲಿ. ನಿನ್ನ ಸಲುವಾಗೇ ಕಣೇ ಹೇಳ್ತಿರೋದು!”

“ಅವನೂ ನನ್ನ ಸಲುವಾಗೇ ಹೇಳ್ತಿದ್ದ.”

ಅಲ್ಲಿದ್ದವರಲ್ಲಿ ಆ ಮಾತನ್ನು ತಮ್ಮ ತಮ್ಮ ಹೊಸ್ತಿಲಲ್ಲಿ ಕೇಳದವರು ಒಬ್ಬರೂ ಇರಲಿಲ್ಲ. ನಿನಗೆ ನೋವಾಗದಿರಲಿ ಎಂದು, ನೀನು ನಿದ್ದೆ ಮಾಡಲಿ ಎಂದು, ಮಕ್ಕಳ ಮುಂದೆ ಯಾಕೆ ಎಂದು ಹೇಳಿದ ಸುಳ್ಳುಗಳು ಆ ಸಮವಸ್ತ್ರಗಳ ಕೆಳಗೆ ಕೂತಿದ್ದ ಪ್ರತಿಯೊಬ್ಬಳ ಮಡಿಲಲ್ಲೂ ಇದ್ದವು.

ಟೈಲರಮ್ಮ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಫೋನೆತ್ತಿ, ಎಲ್ಲರಿಗೂ ಕೇಳುವಂತೆ ಆಸ್ಪತ್ರೆಗೆ ಹೇಳಿದಳು: “ಬೇಕರಿಯ ಬೋರ್ಡು ಇಳಿದಿದೆ ಸ್ವಾಮಿ. ಅವಳೇ ಇಳಿಸಿದ್ದು. ಬ್ರೆಡ್ಡಲ್ಲಿ ಚೂರು ಇರುತ್ತೆ ಅಂತ ಅವಳೇ ಹೇಳಿದ್ದು. ಹೌದು… ಆಗ್ಲಿ… ಬೇರೆಯವರನ್ನ ನೋಡ್ಕೊಳ್ಳಿ.” ಫೋನಿಟ್ಟು ಬ್ರೆಡ್ಡಕ್ಕನ ಕಡೆ ತಿರುಗಿದಳು. “ತೃಪ್ತಿ ಆಯ್ತಾ? ಹೋಯ್ತು.”

“ಆಯ್ತು.”

“ನಿಯಮ ಗೊತ್ತಲ್ಲ? ಬೋರ್ಡಿಲ್ಲದವರು ಸಂಘದಲ್ಲಿ ಇರೋ ಹಾಗಿಲ್ಲ.”

“ಗೊತ್ತು.” ಬ್ರೆಡ್ಡಕ್ಕ ತನ್ನ ಸ್ಟೂಲನ್ನು ಎಳೆದುಕೊಂಡು ಮತ್ತೆ ಕೂತಳು. “ಬೋರ್ಡು ಇಳಿಸಿದೀನಿ, ಸ್ಟೂಲು ಬಿಟ್ಟಿಲ್ಲ. ಹೆಂಡದಂಗಡಿಯವನಿಗೇ ನನ್ನ ಎಬ್ಬಿಸೋಕೆ ಆಗ್ಲಿಲ್ಲ. ನಿಮ್ಮಲ್ಲಿ ಯಾರಿಗೆ ತಾಕತ್ತಿದೆಯೋ ಬಂದು ಎಬ್ಬಿಸಿ. ಮುಂದಿನ ವಿಷಯ ಏನು?”

ಯಾರೂ ಎಬ್ಬಿಸಲಿಲ್ಲ. ಹಾಲಿನವಳು ಸೆರಗು ಬಾಯಿಗೊತ್ತಿ ನಕ್ಕಳು. ಮುಂದಿನ ವಿಷಯ ಬೀದಿ ದೀಪದ್ದಾಗಿತ್ತು. ಅದರ ಮೇಲೆ ಎಲ್ಲರಿಗಿಂತ ಹೆಚ್ಚು ಮಾತಾಡಿದವಳು ಬ್ರೆಡ್ಡಕ್ಕನೇ.

ಮರುದಿನ ನಸುಕಿನಲ್ಲಿ ಮೈದುನ ತೊಟ್ಟಿಗೆ ಅರ್ಧ ಮೂಟೆ ಮೈದಾ ಮಾತ್ರ ಸುರಿದು ಕೈ ಕೊಡವಿಕೊಂಡ. ಮುಖ ಊದಿಸಿಕೊಂಡಿದ್ದ.

“ಉಳಿದದ್ದೂ ಸುರಿ,” ಎಂದಳು ಅತ್ತಿಗೆ.

“ಯಾರಿಗೆ? ಇಲಿಗಾ?”

“ಆಸ್ಪತ್ರೆಗೆ.”

“ಅತ್ತಿಗೆ, ರಾತ್ರಿ ನಿದ್ದೆ ಬಂತಾ ನಿಮಗೆ? ಅವರು ಬೇಡ ಅಂದಿದಾರೆ.”

“ಬೇಡ ಅಂದಿದ್ದು ಉಗ್ರಾಣದವರು. ತಿನ್ನೋವರನ್ನ ಯಾರೂ ಕೇಳಿಲ್ಲ. ಸುರಿ.”

ಅವಳು ತೋಳು ಮಡಿಸಿ ತೊಟ್ಟಿಗೆ ಬಾಗಿದಳು. ಇಡೀ ಮೂಟೆಯ ಹಿಟ್ಟು ಕಲ್ಲಿನಂತೆ ಎದುರಾಡುತ್ತಿತ್ತು. ಅವಳು ಮುಷ್ಟಿಯನ್ನು ಇಳಿಸಿದಳು, ಮಡಿಚಿದಳು, ತಿರುಗಿಸಿ ಮತ್ತೆ ಇಳಿಸಿದಳು. ಭುಜದಿಂದ ಮೊಣಕೈವರೆಗೆ ಉರಿ ಹತ್ತಿತು. ಆ ಉರಿ ಏನೆಂದು ಈಗ ಅವಳಿಗೆ ತಿಳಿದಿತ್ತು: ಉಸಿರು ತಲುಪದ ಮೂಲೆಯಲ್ಲೂ ಕೆಲಸ ನಿಲ್ಲಿಸದ ಕೋಶಗಳು. “ನಡೀರಿ ನಡೀರಿ,” ಎಂದು ಅವುಗಳನ್ನೇ ಗದರುವವಳಂತೆ ಹಲ್ಲು ಕಚ್ಚಿ ನಾದಿದಳು. ಮುಗಿದ ಮೇಲೆ ತೊಟ್ಟಿಯ ಅಂಚಿಗೊರಗಿ ಏದುಸಿರು ಬಿಟ್ಟಳು. ಎದೆ ಹಿಗ್ಗಿ ಕುಗ್ಗಿ ಹಿಗ್ಗಿ, ತೋಳಿನ ಉರಿ ಮೆಲ್ಲಗೆ ಇಳಿಯಿತು.

ಹೊತ್ತೇರುವ ಹೊತ್ತಿಗೆ ತಳ್ಳುಗಾಡಿ ಆಸ್ಪತ್ರೆಯ ಗೇಟಿನ ಮುಂದಿತ್ತು. ಕಾವಲುಗಾರ ಲಾಠಿ ಬೀಸುತ್ತ ಬಂದ. “ಇಲ್ಲಿ ಮಾರೋ ಹಾಗಿಲ್ಲಮ್ಮ.”

“ಎಲ್ಲಿವರೆಗೆ ನಿಮ್ಮ ಇಲ್ಲಿ?”

ಅವನು ರಸ್ತೆಯ ನಡುಗೆರೆಯನ್ನು ತೋರಿಸಿದ. ಅವಳು ಗಾಡಿಯನ್ನು ಆ ಗೆರೆ ದಾಟಿಸಿ, ಗೇಟಿಗೆ ನೇರ ಎದುರಾಗಿ ನಿಲ್ಲಿಸಿದಳು. ಮೈದುನ ಮೊದಲಿಗೆ ಅಪರಿಚಿತನಂತೆ ಸ್ವಲ್ಪ ದೂರ ನಿಂತಿದ್ದವನು, ಯಾರೂ ಬರದಿರುವುದನ್ನು ಕಂಡು ತಾನೇ ಗಾಡಿಯ ಪಕ್ಕಕ್ಕೆ ಬಂದು ಕೂಗತೊಡಗಿದ: “ಬಿಸಿ ಬನ್ನು, ಬಿಸಿ ಬ್ರೆಡ್ಡು!”

ರೋಗಿಗಳ ಕಡೆಯವರು ಒಬ್ಬೊಬ್ಬರಾಗಿ ಹೊರಬಂದರು. ಸುದ್ದಿ ಅವರಿಗಿಂತ ಮುಂಚೆಯೇ ಬಂದಿತ್ತು.

“ಇದ್ರಲ್ಲಿ ಹೆಂಡ ಇದೆಯಂತೆ?” ಎಂದ ಮಫ್ಲರು ಸುತ್ತಿಕೊಂಡಿದ್ದ ಮುದುಕ.

“ಒಂದು ಚೂರು ಇದೆ. ಯೀಸ್ಟು ಹಾಕಿದ ಎಲ್ಲಾದ್ರಲ್ಲೂ ಇರುತ್ತೆ. ಕೊಡ್ಲಾ?”

“ಒಂದು ಚೂರಾ? ಮೋಸ! ನಾನು ಆಸೆಪಟ್ಟು ಬಂದೆ. ಆಯ್ತು, ನಾಲ್ಕು ಕೊಡು.”

ಒಬ್ಬಳು ಮೂಗು ಮುರಿದು ಹೋದಳು. ಇನ್ನೊಬ್ಬ ಬೈದ, ಬೈಯುತ್ತಲೇ ಎರಡು ಕೊಂಡ. ಗಾಡಿ ಅರ್ಧ ಖಾಲಿಯಾಯಿತು, ಇನ್ನರ್ಧ ತಣ್ಣಗಾಗುತ್ತ ಉಳಿಯಿತು. ಉಳಿದದ್ದನ್ನು ಕಂಡು ಮೈದುನ ನಿಟ್ಟುಸಿರಿಟ್ಟ. ಅವಳು ನಾಳೆಯೂ ಬರುವುದಾಗಿ ಹೇಳಿದಾಗ ಆಕಾಶ ನೋಡಿದ.

ಆಗ ಒಬ್ಬ ಹೆಂಗಸು ರಸ್ತೆ ದಾಟಿ ಬಂದಳು. ಕೆದರಿದ ಕೂದಲು, ಮಣಿಕಟ್ಟಿನಲ್ಲಿ ಆಸ್ಪತ್ರೆಯ ಪಾಸು. ಬನ್ನನ್ನು ಕೈಯಲ್ಲಿ ಹಿಡಿದು, ಕೊಳ್ಳಲೂ ಅಲ್ಲ, ಇಡಲೂ ಅಲ್ಲ ಎನ್ನುವಂತೆ ನಿಂತಳು. ತಗ್ಗಿದ ದನಿಯಲ್ಲಿ ಕೇಳಿದಳು:

“ನಮ್ಮ ಯಜಮಾನರು ಕುಡಿತ ಬಿಡಿಸೋ ವಾರ್ಡಲ್ಲಿದಾರೆ. ಬನ್ನು ಬೇಕು ಅಂತಾರೆ. ನಿಜ ಹೇಳಿ ಅಕ್ಕ, ಇದ್ರಲ್ಲಿ ಇದೆಯಾ?”

ಗಾಡಿಯ ಪಕ್ಕದಲ್ಲಿ ಮೈದುನನ ಕೂಗು ನಿಂತಿತು. ಬ್ರೆಡ್ಡಕ್ಕ ಆ ಹೆಂಗಸಿನ ಕಣ್ಣನ್ನೇ ನೋಡಿದಳು.

“ಇದೆ. ಬಹಳ ಕಡಿಮೆ. ಅವರಿಗೆ ಆಗುತ್ತೋ ಇಲ್ವೋ ನನಗೆ ಗೊತ್ತಿಲ್ಲ. ಡಾಕ್ಟರನ್ನ ಕೇಳಿ ಬಾ ತಾಯಿ, ಆಮೇಲೆ ತಗೋ.”

ಹೆಂಗಸು ಬನ್ನನ್ನು ಕೆಳಗಿಟ್ಟು ಹೋದಳು. ಮೈದುನ ಅದನ್ನೆತ್ತಿ ಮತ್ತೆ ಸಾಲಿಗೆ ಸೇರಿಸಿದ. ಬಿಸಿಲು ಏರಿತು. ಬಹಳ ಹೊತ್ತಿನ ಮೇಲೆ ಗೇಟಿನಲ್ಲಿ ಆ ಹೆಂಗಸು ಮತ್ತೆ ಕಾಣಿಸಿಕೊಂಡಳು. ವಾಹನಗಳಿಗೆ ಕೈ ಅಡ್ಡ ಹಿಡಿಯುತ್ತ ಬಂದು, ಏದುಸಿರಿನಲ್ಲೇ ಹೇಳಿದಳು:

“ಕೇಳಿದೆ. ಇಷ್ಟಕ್ಕೆ ಏನೂ ಆಗಲ್ಲ, ತಿನ್ನಲಿ ಅಂದ್ರು. ಎರಡು ಕೊಡಿ.” ಬ್ರೆಡ್ಡಕ್ಕ ಕಾಗದದಲ್ಲಿ ಸುತ್ತುತ್ತಿರುವಾಗ ಸೆರಗಿನಿಂದ ಬೆವರೊರೆಸಿಕೊಂಡು ಸೇರಿಸಿದಳು: “ನನ್ನ ಮುಖ ನೋಡ್ಕೊಂಡು ‘ಇದೆ’ ಅಂತ ಹೇಳಿದವರನ್ನ ನಾನು ಇವತ್ತೇ ಕಂಡಿದ್ದು. ಅವರಿಗೂ ಹೇಳೇ ಕೊಡ್ತೀನಿ.”

“ಹೇಳಿ ಕೊಡು,” ಎಂದಳು ಬ್ರೆಡ್ಡಕ್ಕ. ಆ ಹೆಂಗಸಿನ ಹಿಂದೆ ಇನ್ನೊಬ್ಬ ಗಿರಾಕಿ ಬಂದು ನಿಂತಿದ್ದ. ಗೇಟಿನ ಕಡೆಗೊಮ್ಮೆ ನೋಡಿ, ಗಾಡಿಯ ಮೇಲೆ ಬಾಗಿ, ಗುಟ್ಟು ಕೇಳುವವನಂತೆ ಪಿಸುಗುಟ್ಟಿದ: “ಏನಮ್ಮಾ, ಇದ್ರಲ್ಲಿ ಏನೋ ಇದೆ ಅಂತಾರಲ್ಲ?”

“ಇದೆ!” ಎಂದಳು ಬ್ರೆಡ್ಡಕ್ಕ, ಉಗ್ರಾಣದ ಕಿಟಕಿಗೂ ಕೇಳುವಷ್ಟು ಗಟ್ಟಿಯಾಗಿ. “ಎಷ್ಟು ಕೊಡ್ಲಿ?”